ಮರುದಿನವೂ ಸೈಕಲ್ ಹತ್ತಬೇಕು

(ಹಾಸನದಲ್ಲಿ ಕಾಲೇಜು ವಿದ್ಯಾರ್ಥಿಗಳು, ಪೋಷಕರು ಮತ್ತು ಸೈಕಲ್ ಸವಾರರ ಮುಂದೆ ಆಡಿದ ಮಾತಿನ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಸೈಕಲ್ ರೇಸ್ ಅಂದ ಕೂಡಲೇ ನಮ್ಮ ಕಡೆ ಎಲ್ಲರಿಗೂ ನೆನಪಾಗುವುದು ಒಂದೇ ಥರದ ರೇಸ್. ಬೆಳಗ್ಗೆ ಯಾರಾದರೂ ಅತಿಥಿಗಳು ಬಾವುಟ ತೋರಿಸುತ್ತಾರೆ. ಹುಡುಗರು ಉಸಿರು ಕಟ್ಟಿ ತುಳಿಯುತ್ತಾರೆ. ಬಿಸಿಲು ಏರುವುದರೊಳಗೆ ಕಪ್ ಕೊಟ್ಟು, ಫೋಟೊ ತೆಗೆಸಿ, ತಿಂಡಿ ತಿಂದು ಎಲ್ಲರೂ ಮನೆಗೆ ಹೋಗುತ್ತಾರೆ. ಅಂಥ ರೇಸ್‌ಗಳು ಇರಲಿ, ಇನ್ನೂ ಜಾಸ್ತಿಯಾಗಲಿ. ನಾನು ಇವತ್ತು ಮಾತಾಡಲು ಬಂದಿರುವುದು ಬೇರೆ ಥರದ ರೇಸ್ ಬಗ್ಗೆ. ಇವತ್ತು ಓಡಿಸಿ, ರಾತ್ರಿ ಉಂಡು ಮಲಗಿ, ನಾಳೆ ಬೆಳಗ್ಗೆ ಅದೇ ಕಾಲುಗಳನ್ನು ನಂಬಿಕೊಂಡು ಮತ್ತೆ ಸಾಲಿನಲ್ಲಿ ನಿಲ್ಲಬೇಕಾದ ರೇಸ್. ಅದೂ ಇಪ್ಪತ್ತರ ಆಸುಪಾಸಿನ ಹುಡುಗ ಹುಡುಗಿಯರಿಗೆ. ಹಾಸನ, ಚಿಕ್ಕಮಗಳೂರು ರಸ್ತೆಗಳಲ್ಲಿ ಅಂಥದ್ದೊಂದು ನಡೆಯಬೇಕು ಎಂದು ಕೇಳಿಕೊಳ್ಳಲು ಬಂದಿದ್ದೇನೆ.

ಇದರ ದೊಡ್ಡ ಮಾದರಿ ಫ್ರಾನ್ಸ್‌ನಲ್ಲಿದೆ. ಮೂರು ವಾರ ನಡೆಯುವ ದೊಡ್ಡ ಸೈಕಲ್ ರೇಸ್ ಟೂರ್ ದ ಫ್ರಾನ್ಸ್, ಅದರ ಹೆಸರು ನಿಮಗೆಲ್ಲ ಗೊತ್ತು. ಮುಂದೆ ಅಲ್ಲಿಗೆ ಹೋಗಬಲ್ಲ ಹುಡುಗರಿಗಾಗಿಯೇ 1961ರಲ್ಲಿ ಇನ್ನೊಂದು ರೇಸ್ ಶುರು ಮಾಡಿದರು. ಹೆಸರು ಟೂರ್ ದ ಲಾವೆನಿರ್. ಜಾಕ್ ಮಾರ್ಷಾನ್ ಎನ್ನುವ ಕ್ರೀಡಾ ಪತ್ರಕರ್ತರ ಯೋಚನೆ ಅದು. ಆರಂಭದ ವರ್ಷಗಳಲ್ಲಿ ಅದನ್ನು ನಡೆಸುತ್ತಿದ್ದ ರೀತಿ ನನಗೆ ತುಂಬ ಇಷ್ಟ. ದೊಡ್ಡ ಟೂರ್ ನಡೆಯುವ ದಿನಗಳಲ್ಲೇ, ಅದೇ ರಸ್ತೆಯ ಒಂದು ಭಾಗದಲ್ಲಿ, ದೊಡ್ಡವರು ಬರುವುದಕ್ಕೆ ಕೆಲವು ಗಂಟೆ ಮೊದಲು ಈ ಹುಡುಗರು ಓಡಿಸುತ್ತಿದ್ದರು. ಅಷ್ಟು ಹೊತ್ತಿಗೆ ರಸ್ತೆ ಬದಿಯಲ್ಲಿ ಜನ ಜಾಗ ಹಿಡಿದು ಕೂತಿರುತ್ತಿದ್ದರು. ಇನ್ನೂ ಹೆಸರು ಮಾಡದ ಹುಡುಗರಿಗೆ ಅಷ್ಟು ಜನರ ಚಪ್ಪಾಳೆ ಬೇರೆಲ್ಲಿ ಸಿಗಬೇಕು?

ಆಮೇಲೆ ಆ ರೇಸ್‌ನ ಹೆಸರು ಬದಲಾಗಿದ್ದೂ ಇದೆ, ನಿಯಮ ಬದಲಾಗಿದ್ದೂ ಇದೆ. 2007ರಿಂದ ಅದು 23 ವರ್ಷದೊಳಗಿನವರಿಗೆ ಮೀಸಲು. ಕಂಪನಿ ತಂಡಗಳ ಹೆಸರಿನಲ್ಲಿ ಬರುವಂತಿಲ್ಲ, ದೇಶದ ಜೆರ್ಸಿ ಹಾಕಿಕೊಂಡು ಬರಬೇಕು.

ಈಗ ಗೆದ್ದವರ ಕಡೆ ನೋಡಿ. 1964ರಲ್ಲಿ ಇಟಲಿಯ ಫೆಲಿಚೆ ಜಿಮೊಂಡಿ ಇದನ್ನು ಗೆದ್ದರು. ಮರುವರ್ಷವೇ ಟೂರ್ ದ ಫ್ರಾನ್ಸ್ ಗೆದ್ದರು. 1982ರಲ್ಲಿ ಅಮೆರಿಕದ ಗ್ರೆಗ್ ಲೆಮಾಂಡ್, 21ರ ಹುಡುಗ, ಎರಡನೆಯವನಿಗಿಂತ ಹತ್ತು ನಿಮಿಷಕ್ಕೂ ಜಾಸ್ತಿ ಮುಂದಿದ್ದರು. ಮುಂದೆ ಮೂರು ಸಲ ಟೂರ್ ಗೆದ್ದರು. 1986ರಲ್ಲಿ ಸ್ಪೇನ್‌ನ ಮಿಗೆಲ್ ಇಂಡುರೈನ್ ಗೆದ್ದರು. ಅವರ ಐದು ಟೂರ್ ಗೆಲುವು ಶುರುವಾಗಿದ್ದು 1991ರಲ್ಲಿ. ನಡುವೆ ಐದು ವರ್ಷ ಬೇಕಾಯಿತು. 2017ರಲ್ಲಿ ಎಗಾನ್ ಬೆರ್ನಾಲ್, 2018ರಲ್ಲಿ ತದೇಯ್ ಪೊಗಾಚರ್. ಬೆರ್ನಾಲ್ 2019ರಲ್ಲಿ, ಪೊಗಾಚರ್ 2020ರಲ್ಲಿ ದೊಡ್ಡ ಟೂರ್ ಗೆದ್ದರು. ಪೊಗಾಚರ್ ಒಟ್ಟಾರೆ ಮುಂದಿರುವವರು ತೊಡುವ ಹಳದಿ ಜೆರ್ಸಿಯಲ್ಲಿ ಪ್ಯಾರಿಸ್ ತಲುಪಿದ ಮರುದಿನ ಅವರಿಗೆ 22 ತುಂಬಿತು.

ಈ ಪಟ್ಟಿ ಕೇಳಿದರೆ ಮೈ ಜುಮ್ಮೆನ್ನುತ್ತದೆ, ಅಲ್ವಾ? ಆದರೆ ಈ ಪಟ್ಟಿಯಲ್ಲಿ ಇಲ್ಲದವರನ್ನೂ ನೋಡಬೇಕು. 2022, 2023ರಲ್ಲಿ ಟೂರ್ ದ ಫ್ರಾನ್ಸ್ ಗೆದ್ದ ಡೆನ್ಮಾರ್ಕ್‌ನ ಯೋನಸ್ ವಿಂಗೆಗೋರ್ ಹೆಸರು ಇಲ್ಲಿಲ್ಲ. ಅವರು ಹುಡುಗನಾಗಿದ್ದಾಗ ಬೆಳಗ್ಗೆ ಮೀನಿನ ಕಾರ್ಖಾನೆಯಲ್ಲಿ ಕೆಲಸ ಮಾಡಿ ಆಮೇಲೆ ಸೈಕಲ್ ಅಭ್ಯಾಸಕ್ಕೆ ಹೋಗುತ್ತಿದ್ದವರು. ಇನ್ನೊಂದು ಕಡೆ, ಲಾವೆನಿರ್ ಗೆದ್ದೂ ದೊಡ್ಡ ಟೂರ್‌ನ ಹತ್ತಿರಕ್ಕೆ ಬಾರದವರು ಬಹಳ ಮಂದಿ ಇದ್ದಾರೆ. ಹಾಗಾಗಿ ಇಂಥ ರೇಸ್‌ಗಳಿಂದ ಮುಂದಿನ ಚಾಂಪಿಯನ್ ಯಾರು ಎಂದು ಮೊದಲೇ ಗೊತ್ತಾಗುತ್ತದೆ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಗೆದ್ದವನಿಗೆ ಹೇಗಿದ್ದರೂ ದಾರಿ ಸಿಗುತ್ತದೆ. ನನಗೆ ಜಾಸ್ತಿ ಮುಖ್ಯ ಅನಿಸುವುದು ನಲವತ್ತನೆಯ, ಐವತ್ತನೆಯ ಸ್ಥಾನದಲ್ಲಿ ಬರುವ ಹುಡುಗ ಅಲ್ಲಿಂದ ಏನು ಕಲಿತುಕೊಂಡು ಹೋಗುತ್ತಾನೆ ಅನ್ನುವುದು.

ಅದನ್ನು ಹೇಳಬೇಕಾದರೆ ರೇಸ್ ಹೇಗೆ ನಡೆಯುತ್ತದೆ ಅಂತ ಸ್ವಲ್ಪ ಹೇಳಬೇಕು. ಗೊತ್ತಿರುವವರು ಸಹಿಸಿಕೊಳ್ಳಿ.

ಹಲವು ದಿನದ ರೇಸ್‌ನಲ್ಲಿ ಪ್ರತಿ ದಿನಕ್ಕೂ ಒಬ್ಬ ವಿಜೇತ ಇರುತ್ತಾನೆ. ಒಟ್ಟು ಗೆಲುವು ಮಾತ್ರ ಎಲ್ಲ ದಿನಗಳ ಸಮಯ ಕೂಡಿಸಿ ನೋಡಿದಾಗ ಯಾರದ್ದು ಕಡಿಮೆಯೋ ಅವರದ್ದು. ಅಂಗಡಿಯ ಉದ್ರಿ ಪುಸ್ತಕದ ಹಾಗೆ. ಮೊದಲ ದಿನ ಕಳೆದುಕೊಂಡ 40 ಸೆಕೆಂಡ್ ಕೊನೆಯ ದಿನದವರೆಗೂ ನಿಮ್ಮ ಹೆಸರಿನ ಮುಂದೆಯೇ ಇರುತ್ತದೆ. ನೀವೇ ತುಳಿದು ತೀರಿಸಬೇಕು. ಒಂದೇ ಗುಂಪಿನಲ್ಲಿ ಗೆರೆ ದಾಟಿದವರಿಗೆಲ್ಲ ಒಂದೇ ಸಮಯ ಕೊಡುತ್ತಾರೆ. ಆದ್ದರಿಂದ ಗುಂಪು ಬಿಡದೆ ಉಳಿಯುವುದೇ ಒಂದು ಕಲೆ. ತೀರಾ ಹಿಂದೆ ಬಿದ್ದರೆ ಆ ದಿನದ ಗಡುವು ಮೀರಿ ರೇಸ್‌ನಿಂದಲೇ ಹೊರಗೆ. 1989ರ ಟೂರ್ ದ ಫ್ರಾನ್ಸ್ 3,285 ಕಿಲೋಮೀಟರ್ ಇತ್ತು. ಆಗಲೇ ಹೇಳಿದೆನಲ್ಲ ಲೆಮಾಂಡ್, ಅವರು ಅದನ್ನು ಗೆದ್ದದ್ದು ಬರೀ 8 ಸೆಕೆಂಡ್‌ನಲ್ಲಿ. ಮೂರು ವಾರದಲ್ಲಿ ಎಲ್ಲೋ ಒಂದು ತಿರುವಿನಲ್ಲಿ ಹೋದ ಎಂಟು ಸೆಕೆಂಡ್.

ಗುಂಪು ಯಾಕೆ ಅಷ್ಟು ಮುಖ್ಯ? ಗಾಳಿ. ಸಪಾಟು ರಸ್ತೆಯಲ್ಲಿ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಹೋಗುವಾಗ ಸವಾರನ ಶಕ್ತಿಯಲ್ಲಿ ಬಹುಪಾಲು ಗಾಳಿಯನ್ನು ಸೀಳುವುದಕ್ಕೇ ಖರ್ಚಾಗುತ್ತದೆ. ಮುಂದಿನವನ ಚಕ್ರದ ಹಿಂದೆ ಗೇಣು ದೂರದಲ್ಲಿ ಹೋದರೆ ಆ ಶ್ರಮದಲ್ಲಿ ಕಾಲು ಭಾಗಕ್ಕೂ ಜಾಸ್ತಿ ಉಳಿಯುತ್ತದೆ. ಗೇಣು ದೂರ ಅಂದರೆ ಸುಮ್ನೆ ಅಲ್ಲ. ಮುಂದಿನವನ ಚಕ್ರವನ್ನೇ ದಿಟ್ಟಿಸಿದರೆ ಬಿದ್ದೀರಿ. ಅವನ ಭುಜದ ಮೇಲಿಂದ ರಸ್ತೆ ನೋಡಬೇಕು. ಅವನು ಬ್ರೇಕ್ ಹಿಡಿಯುವ ಮೊದಲೇ ಅವನ ಸೊಂಟ ಸ್ವಲ್ಪ ಹಿಂದೆ ಸರಿಯುವುದು ಕಾಣಬೇಕು. ಅಡ್ಡಗಾಳಿ ಬೀಸಿದರಂತೂ ಹಿಂದೆ ನಿಂತರೆ ಆಸರೆ ಸಿಗುವುದಿಲ್ಲ. ಗಾಳಿ ಎಡದಿಂದ ಬಂದರೆ ನೀವು ಮುಂದಿನವನ ಬಲಕ್ಕೆ, ಸ್ವಲ್ಪ ಹಿಂದೆ ಇರಬೇಕು. ಹಾಗೆ ಒಬ್ಬರ ಪಕ್ಕ ಒಬ್ಬರು ರಸ್ತೆಗೆ ಓರೆಯಾಗಿ ಸಾಲು ಕಟ್ಟುತ್ತಾರೆ. ರಸ್ತೆಯ ಅಗಲ ಮುಗಿದ ಕಡೆ ಸಾಲೂ ಮುಗಿಯಿತು. ಅದರಾಚೆಯವನು ಗಾಳಿಗೆ ಸಿಕ್ಕಿಕೊಂಡ. ಇದನ್ನು ಪುಸ್ತಕ ಓದಿ ಕಲಿಯಲು ಆಗುವುದಿಲ್ಲ. ಒಬ್ಬನೇ ಹೋಗಿ ಅಭ್ಯಾಸ ಮಾಡಲೂ ಆಗುವುದಿಲ್ಲ.

ಏರು ಶುರುವಾದರೆ ಕಥೆಯೇ ಬೇರೆ. ವೇಗ ಇಳಿಯುತ್ತದೆ, ಗಾಳಿಯ ತಡೆ ಕಡಿಮೆಯಾಗುತ್ತದೆ, ಮೈ ಭಾರ ಹೊತ್ತು ಮೇಲೇರುವುದೇ ಕೆಲಸ. ಯಾರ ಹಿಂದೆ ಅಡಗಿದರೂ ಅಷ್ಟೇನೂ ಲಾಭವಿಲ್ಲ.

ಇನ್ನು ಊಟ. ಇದರ ಬಗ್ಗೆ ನಮ್ಮ ಹುಡುಗರಿಗೆ ಯಾರೂ ಹೇಳಿಕೊಡುವುದಿಲ್ಲ, ನನಗೆ ಅದೇ ಬೇಜಾರು. ನಮ್ಮ ದೇಹದಲ್ಲಿ ಕೂಡಿಟ್ಟ ಸಕ್ಕರೆ ಅಂಶ ಜೋರಾಗಿ ತುಳಿದರೆ ಒಂದೂವರೆ, ಎರಡು ಗಂಟೆಗೆ ಮುಗಿಯುತ್ತಾ ಬರುತ್ತದೆ. ಆಮೇಲೆ ಕಣ್ಣು ಮಂಕು, ಕೈ ನಡುಕ, ಕಾಲಲ್ಲಿ ಏನೂ ಉಳಿದಿರುವುದಿಲ್ಲ. ಆದ್ದರಿಂದ ಉದ್ದದ ರೇಸ್‌ನಲ್ಲಿ ಗಂಟೆಗೆ 60ರಿಂದ 90 ಗ್ರಾಂ ಕಾರ್ಬೋಹೈಡ್ರೇಟ್ ಹೊಟ್ಟೆಗೆ ಹೋಗುತ್ತಲೇ ಇರಬೇಕು. ಒಂದು ಪಚ್ಚಬಾಳೆ ಹಣ್ಣಿನಲ್ಲಿ 25 ಗ್ರಾಂ ಆಸುಪಾಸು ಇರುತ್ತದೆ. ಬೆಲ್ಲ ಬಹುಪಾಲು ಸಕ್ಕರೆಯೇ. ದುಬಾರಿ ಜೆಲ್ ಪ್ಯಾಕೆಟ್ ಇಲ್ಲದಿದ್ದರೂ ನಡೆಯುತ್ತದೆ. ಬೆಲ್ಲದ ನೀರಿಗೆ ಚಿಟಿಕೆ ಉಪ್ಪು, ನಿಂಬೆಹಣ್ಣು. ಹಸಿವಾದ ಮೇಲೆ ತಿಂದರೆ ತಡವಾಯಿತು ಎನ್ನುವುದೊಂದು ಗೊತ್ತಿದ್ದರೆ ಸಾಕು.

ಒಂದು ದಿನದ ರೇಸ್‌ನಲ್ಲಿ ಇದ್ಯಾವುದೂ ಗೊತ್ತಿಲ್ಲದೆಯೂ ಗೆಲ್ಲಬಹುದು. ಗಟ್ಟಿ ಕಾಲಿದ್ದರೆ ಸಾಕು. ಎರಡನೆಯ ದಿನ ಹಾಗಾಗುವುದಿಲ್ಲ. ಕಾಲೇಜು ಹುಡುಗರ ಜೊತೆ ಸಕಲೇಶಪುರ, ಮೂಡಿಗೆರೆ ಕಡೆ ಎರಡು ದಿನದ ಸವಾರಿಗೆ ಹೋಗಿದ್ದೆ. ಮೊದಲ ದಿನ ಎಲ್ಲ ಏರಿನಲ್ಲೂ ಮುಂದಿದ್ದ ಹುಡುಗ ಸಂಜೆ ಊರು ತಲುಪಿದವನೇ ಸೈಕಲ್ಲನ್ನು ಗೋಡೆಗೆ ಒರಗಿಸಿ, ಅದೇ ಬೆವರಿನ ಬಟ್ಟೆಯಲ್ಲಿ ಮೊಬೈಲ್ ಹಿಡಿದು ಕೂತ. ಇನ್ನೊಬ್ಬ, ದಿನವಿಡೀ ನಡುವಿನಲ್ಲಿ ಎಲ್ಲೋ ಬರುತ್ತಿದ್ದವನು, ಬಂದ ಕೂಡಲೇ ಸ್ನಾನ ಮಾಡಿದ. ತೊಡೆ ಸಂದು ಉಜ್ಜಿ ಗಾಯವಾಗದ ಹಾಗೆ ಎಣ್ಣೆ ಹಚ್ಚಿಕೊಂಡ. ಹಳೇ ಹಲ್ಲುಜ್ಜುವ ಬ್ರಷ್ ತಂದಿದ್ದ. ಚೈನ್ ಕೊಂಡಿಗಳ ನಡುವಿನ ಕೆಮ್ಮಣ್ಣು ತೆಗೆದು, ಬಟ್ಟೆಯಲ್ಲಿ ಒರೆಸಿ, ಒಂದೊಂದು ಕೊಂಡಿಗೆ ಒಂದೊಂದು ಹನಿ ಎಣ್ಣೆ ಬಿಟ್ಟ. ಮೂರು ಸಲ ಅನ್ನ ಹಾಕಿಸಿಕೊಂಡು ಉಂಡು ಒಂಬತ್ತಕ್ಕೆ ಮಲಗಿದ. ಮರುದಿನ ಮಧ್ಯಾಹ್ನ ಏರಿನಲ್ಲಿ ಮೊದಲನೆಯವನು ಸೈಕಲ್ ಇಳಿದು ತಳ್ಳುತ್ತಿದ್ದ. ಅವನ ಚೈನ್ ಕರಕರ ಅನ್ನುತ್ತಿತ್ತು. ಎರಡನೆಯವನು ಅವನ ಪಕ್ಕ ನಿಧಾನ ಮಾಡಿ, ಜೇಬಿನಿಂದ ಕಡಲೆ ಚಿಕ್ಕಿ ಕೊಟ್ಟು ಮುಂದೆ ಹೋದ. ಇಬ್ಬರ ಶಕ್ತಿಯಲ್ಲಿ ವ್ಯತ್ಯಾಸ ಇತ್ತು, ಮೊದಲನೆಯವನದ್ದೇ ಜಾಸ್ತಿ. ಅವನಿಗೆ ಇಂಥ ಇನ್ನೂ ಹತ್ತು ಮರುದಿನಗಳು ಸಿಗಬೇಕಿತ್ತು. ಅಷ್ಟು ಸಿಕ್ಕಿದ್ದರೆ ಅವನು ಎಲ್ಲಿಗೆ ಹೋಗುತ್ತಿದ್ದನೋ! ನಮ್ಮಲ್ಲಿ ಅವು ಸಿಗುವುದಿಲ್ಲ.

ಈಗ ಕೊಲಂಬಿಯಾಗೆ ಹೋಗೋಣ. ಕಾಫಿ ಸೀಮೆಯವರಾದ ನಾವು ಕೊಲಂಬಿಯಾ ಹೆಸರು ಕೇಳುವುದು ಕಾಫಿ ಬೆಲೆಯ ಸುದ್ದಿಯಲ್ಲಿ. ಆ ದೇಶದ ಸೈಕಲ್ ಕಥೆಯನ್ನೂ ಕೇಳಬೇಕು.

1951ರಲ್ಲೇ ಅಲ್ಲಿ ದೇಶ ಸುತ್ತುವ ರೇಸ್ ಶುರುವಾಯಿತು. 1968ರಲ್ಲಿ ಹುಡುಗರಿಗೆ ಅಂತಲೇ ಬೇರೆ ಟೂರ್ ಬಂತು. 1980ರಲ್ಲಿ ಕೊಲಂಬಿಯಾದ ಅಲ್ಫೊನ್ಸೊ ಫ್ಲೊರೆಸ್ ಫ್ರಾನ್ಸ್‌ಗೆ ಹೋಗಿ ಟೂರ್ ದ ಲಾವೆನಿರ್ ಗೆದ್ದುಬಂದರು. ಅದಕ್ಕೆ ಹಿಂದಿನ ಎರಡು ವರ್ಷ ಗೆದ್ದಿದ್ದವರು ಸೋವಿಯತ್ ದೇಶದ ಸುಖೊರುಚೆಂಕೊವ್. ಅದೇ 1980ರ ಮಾಸ್ಕೊ ಒಲಿಂಪಿಕ್ಸ್‌ನಲ್ಲಿ ರಸ್ತೆ ರೇಸ್‌ನ ಚಿನ್ನವೂ ಅವರದೇ. ಅಂಥವರಿದ್ದ ಕಾಲದಲ್ಲಿ ಬೆಟ್ಟದ ನಾಡಿನ ಈ ಹುಡುಗ ಗೆದ್ದ. 1984ರಲ್ಲಿ ಲೂಯಿಸ್ ಎರೆರಾ ಟೂರ್ ದ ಫ್ರಾನ್ಸ್‌ನ ಆಲ್ಪ್ ದ್ಯುಯೆಜ್ ಏರಿನಲ್ಲಿ ದೊಡ್ಡ ದೊಡ್ಡವರನ್ನೆಲ್ಲ ಹಿಂದೆ ಬಿಟ್ಟರು. ಆಗ ಅವರಿನ್ನೂ ಅಮೆಚೂರ್, ಅಂದರೆ ಹವ್ಯಾಸಿ ಸವಾರ. ಮೊದಲು ತೋಟದ ಕೆಲಸ ಮಾಡಿದ್ದವರು ಅಂತ ಜನ ಅವರನ್ನು ಪ್ರೀತಿಯಿಂದ ಪುಟ್ಟ ತೋಟಗಾರ ಎಂದೇ ಕರೆಯುತ್ತಿದ್ದರು. 1987ರಲ್ಲಿ ಅವರು ಸ್ಪೇನ್ ದೇಶದ ಟೂರನ್ನೇ ಗೆದ್ದರು.

ಆ ದಶಕದಲ್ಲಿ ಆ ಹುಡುಗರ ಹಿಂದೆ ನಿಂತು ದುಡ್ಡು ಹಾಕಿದವರು ಯಾರು ಗೊತ್ತಾ? ಕೊಲಂಬಿಯಾದ ಕಾಫಿ ಬೆಳೆಗಾರರ ಒಕ್ಕೂಟ. ತಂಡದ ಹೆಸರೇ ಕಫೆ ದ ಕೊಲಂಬಿಯಾ. ಯುರೋಪಿನ ಟಿವಿಯಲ್ಲಿ ಆ ಜೆರ್ಸಿ ಬೆಟ್ಟ ಏರುವುದು ಕಂಡಾಗಲೆಲ್ಲ ಕಾಫಿಗೂ ಹೆಸರು, ಹುಡುಗರಿಗೂ ಹೆಸರು. ಆಮೇಲೆ 2010ರಲ್ಲಿ ನೈರೊ ಕಿಂತಾನಾ ಲಾವೆನಿರ್ ಗೆದ್ದರು. ಊರಿನಿಂದ ಶಾಲೆಗೆ ದಿನಾ ಸೈಕಲ್‌ನಲ್ಲೇ ಬೆಟ್ಟದ ದಾರಿ ಏರಿಳಿದು ಹೋಗುತ್ತಿದ್ದ ಹುಡುಗ ಅವರು. 2017ರಲ್ಲಿ ಬೆರ್ನಾಲ್. 2019ರಲ್ಲಿ ಅದೇ ಬೆರ್ನಾಲ್ ಟೂರ್ ದ ಫ್ರಾನ್ಸ್ ಗೆದ್ದ ಮೊದಲ ಕೊಲಂಬಿಯನ್ ಆದರು. ಫ್ಲೊರೆಸ್ ಗೆದ್ದದ್ದು 1980ರಲ್ಲಿ. ಲೆಕ್ಕ ಹಾಕಿ, 39 ವರ್ಷ.

ಅವರ ಬೆಟ್ಟಗಳಿಗೂ ನಮ್ಮ ಬೆಟ್ಟಗಳಿಗೂ ಹೋಲಿಕೆ ಮಾಡಲು ನಾನು ಹೊರಟಿಲ್ಲ. ಬೆರ್ನಾಲ್ ಬೆಳೆದ ಊರೇ 2,600 ಮೀಟರ್ ಮೇಲಿದೆ. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿಯ ತುದಿ 1,930 ಮೀಟರ್. ಅಷ್ಟು ಎತ್ತರದ ಗಾಳಿಯಲ್ಲಿ ಬೆಳೆದ ಶ್ವಾಸಕೋಶ ನಮ್ಮ ಹುಡುಗರಿಗೆ ಬರುವುದಿಲ್ಲ. ನಾನು ಕೊಲಂಬಿಯಾದಿಂದ ಎತ್ತಿಕೊಳ್ಳುವುದು ಎರಡೇ ಮಾತು. ಊರಿನ ಬೆಳೆಗಾರರು ಊರಿನ ಹುಡುಗರ ಕೈ ಹಿಡಿದರು. ಮತ್ತೆ, ಹುಡುಗರಿಗೆ ಅಂತಲೇ ಹಲವು ದಿನದ ರೇಸ್ ನಡೆಸಿದರು. ರಾಜ್ಯದ ಕಾಫಿಯೆಲ್ಲ ಬಹುಪಾಲು ಬೆಳೆಯುವುದು ಕೊಡಗು, ಚಿಕ್ಕಮಗಳೂರು, ಹಾಸನದಲ್ಲಿ. ದೇಶದ ಕಾಫಿಯಲ್ಲಿ ನೂರಕ್ಕೆ ಸುಮಾರು ಎಪ್ಪತ್ತು ಪಾಲು ನಮ್ಮ ರಾಜ್ಯದ್ದು. ಇಲ್ಲಿ ಬೆಳೆಗಾರರು ಯಾರಾದರೂ ಕೂತಿದ್ದರೆ ಈ ಮಾತು ನಿಮಗೇ ಹೇಳಿದ್ದು ಅಂದುಕೊಳ್ಳಿ.

ನಮ್ಮ ದೇಶದ ಹುಡುಗರಲ್ಲಿ ಶಕ್ತಿ ಇಲ್ಲವಾ? ಇದೆ. 2019ರಲ್ಲಿ ಜೂನಿಯರ್ ವಿಶ್ವ ಟ್ರ್ಯಾಕ್ ಚಾಂಪಿಯನ್‌ಷಿಪ್‌ನ ಟೀಮ್ ಸ್ಪ್ರಿಂಟ್‌ನಲ್ಲಿ ಭಾರತ ಚಿನ್ನ ಗೆದ್ದಿತು. ಎಸೊ ಆಲ್ಬೆನ್, ರೊನಾಲ್ಡೊ ಸಿಂಗ್ ಇದ್ದ ತಂಡ. ಅದು ಒಂದು ನಿಮಿಷದೊಳಗೆ ಮುಗಿಯುವ ಸ್ಪರ್ಧೆ. ಒಳಾಂಗಣ ಟ್ರ್ಯಾಕ್ ಇತ್ತು, ಕೋಚ್ ಇದ್ದರು, ದಿನಾ ಅಭ್ಯಾಸ ಇತ್ತು, ಫಲ ಬಂತು. ನಮ್ಮದೇ ವಿಜಯಪುರ, ಬಾಗಲಕೋಟೆ ಕಡೆ ನೋಡಿ. ಬಿಸಿಲಿನ ಬಯಲು ರಸ್ತೆಯಲ್ಲಿ ತುಳಿದು ತುಳಿದು ರಾಷ್ಟ್ರಮಟ್ಟದ ಪದಕ ತಂದ ಹುಡುಗರು, ಅದಕ್ಕಿಂತ ಜಾಸ್ತಿ ಹುಡುಗಿಯರು ಅಲ್ಲಿದ್ದಾರೆ. ಆ ಸೀಮೆಯ ಕ್ರೀಡಾ ಹಾಸ್ಟೆಲ್‌ಗಳು ಅದನ್ನು ಸಾಧಿಸಿದವು. ಅವರಿಗೆ ಬಯಲು ಗೊತ್ತು, ಗಾಳಿ ಗೊತ್ತು. ಏರು ಬೇಕಾದರೆ ನಮ್ಮ ಕಡೆಗೇ ಬರಬೇಕು. 2026ರ ಜನವರಿಯಲ್ಲಿ ಪುಣೆಯ ಸುತ್ತ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ ಪಟ್ಟಿಗೆ ಸೇರಿದ ಹಲವು ದಿನದ ರೇಸ್ ನಡೆಯಿತು. ಸಹ್ಯಾದ್ರಿಯ ಘಾಟಿ ರಸ್ತೆಗಳಲ್ಲಿ ಹೊರದೇಶದ ತಂಡಗಳು ಓಡಿಸಿದವು. ಅಂಥ ದೊಡ್ಡ ರೇಸ್ ದೇಶದಲ್ಲಿ ಇರಬೇಕು, ಸಂತೋಷ. ಆದರೆ ಮೊದಲ ಸಲವೇ ನಮ್ಮ ಇಪ್ಪತ್ತರ ಹುಡುಗನನ್ನು ಅಲ್ಲಿಗೆ ತಂದು ನಿಲ್ಲಿಸಿದರೆ ಅವನಿಗೆ ಗುಂಪಿನ ಬಾಲ ಹಿಡಿಯುವುದೇ ಕಷ್ಟ. ಅದಕ್ಕೆ ಮೊದಲು ಅವನು ತನ್ನ ವಯಸ್ಸಿನವರ ಜೊತೆ, ತನಗೆ ಗೊತ್ತಿರುವ ಊಟ ಉಂಡು, ಮೂರು ದಿನದ ರೇಸ್‌ಗಳಲ್ಲಿ ನಾಲ್ಕಾರು ಸಲ ಸೋತಿರಬೇಕು.

ಹಾಗಾಗಿ ನನ್ನ ಯೋಜನೆ ಮೂರು ದಿನದ್ದು. ವಯಸ್ಸು, ಅಂತರರಾಷ್ಟ್ರೀಯ ನಿಯಮದ ಹಾಗೆ, ಆ ವರ್ಷ 19ರಿಂದ 22 ತುಂಬುವವರು.

ಮೊದಲ ದಿನ ಬಯಲು. ಹಾಸನದಿಂದ ಹಳೇಬೀಡು, ಜಾವಗಲ್, ಬಾಣಾವರ, ಅರಸೀಕೆರೆ, ಮತ್ತೆ ಹಾಸನ. ನೂರು ಕಿಲೋಮೀಟರ್‌ಗೆ ಸ್ವಲ್ಪ ಜಾಸ್ತಿ. ಜಾವಗಲ್ ಅಂದರೆ ನಮಗೆಲ್ಲ ಕ್ರಿಕೆಟ್ ನೆನಪಾಗುತ್ತದೆ, ಒಂದು ಬೆಳಗ್ಗೆ ಸೈಕಲ್ಲೂ ನೆನಪಾಗಲಿ. ಹಳೇಬೀಡು ದಾಟಿದ ಮೇಲೆ ತೋಟದ ನೆರಳು ಹೋಗಿ ತೆಂಗು, ರಾಗಿ ಹೊಲ, ತೆರೆದ ಆಕಾಶ. ಗಾಳಿ ಬೀಸುವ ದಿನ ಓರೆ ಸಾಲು ಕಟ್ಟುವುದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಜಾಗ ಜಿಲ್ಲೆಯಲ್ಲಿಲ್ಲ.

ಎರಡನೆಯ ದಿನ ಸಕಲೇಶಪುರದಿಂದ ಮೂಡಿಗೆರೆ, ಆಲ್ದೂರು ದಾಟಿ ಚಿಕ್ಕಮಗಳೂರು. ಈ ದಾರಿಯಲ್ಲಿ ದೊಡ್ಡ ಬೆಟ್ಟ ಯಾವುದೂ ಇಲ್ಲ. ಆದರೆ ಸಪಾಟು ಅನ್ನುವುದೂ ಇಲ್ಲ. ಎಸ್ಟೇಟ್ ಬೇಲಿಗಳ ನಡುವೆ ಏರು, ತಿರುವು, ಇಳಿಜಾರು, ಕೆಳಗೊಂದು ಹಳ್ಳ, ಮತ್ತೆ ಏರು. ಗೇರ್ ಬದಲಿಸುವ ಕೈಗೆ ಬಿಡುವಿರುವುದಿಲ್ಲ. ನನ್ನ ಪ್ರಕಾರ ಮೂರರಲ್ಲಿ ಕಷ್ಟದ ದಿನ ಇದೇ. ಬೆಟ್ಟ ಕಂಡರೆ ಹುಡುಗರು ಹುಷಾರಾಗುತ್ತಾರೆ, ಇಂಥ ರಸ್ತೆಯಲ್ಲಿ ತಮಗೇ ಗೊತ್ತಾಗದಂತೆ ಶಕ್ತಿ ಖಾಲಿ ಮಾಡಿಕೊಳ್ಳುತ್ತಾರೆ.

ಮೂರನೆಯ ದಿನ ಚಿಕ್ಕಮಗಳೂರಿನಿಂದ ಕೈಮರ ಚೆಕ್‌ಪೋಸ್ಟ್ ದಾಟಿ ಗಿರಿ ಏರುವುದು. ಒಬ್ಬೊಬ್ಬರನ್ನೇ ಒಂದೊಂದು ನಿಮಿಷ ಬಿಟ್ಟು ಕಳಿಸಬೇಕು, ಗಡಿಯಾರದ ವಿರುದ್ಧ. ರೇಸ್ ಮುಗಿಯುವ ಗೆರೆ ಸೀತಾಳಯ್ಯನಗಿರಿಯಲ್ಲೇ ಇರಲಿ. ಮುಳ್ಳಯ್ಯನಗಿರಿಯ ಕೊನೆಯ ರಸ್ತೆ ತೀರಾ ಕಿರಿದು, ಆಂಬುಲೆನ್ಸ್ ತಿರುಗಿಸಲು ಜಾಗ ಸಾಲದು.

ಚಾರ್ಮಾಡಿ ಯಾಕಿಲ್ಲ ಎಂದು ಹುಡುಗರು ಕೇಳುತ್ತಾರೆ, ಗೊತ್ತು. ಕೊಟ್ಟಿಗೆಹಾರದಿಂದ ಕೆಳಗಿನ ಆ ತಿರುವುಗಳಲ್ಲಿ ಸೈಕಲ್ ಬಿಡುವ ಆಸೆ ಯಾರಿಗಿಲ್ಲ? 2019ರ ಆಗಸ್ಟ್‌ನಲ್ಲಿ ಅಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚಿದ್ದು ನಿಮಗೆ ನೆನಪಿರಬಹುದು. ಮಂಜು, ಒದ್ದೆ ಬಂಡೆ, ಎದುರಿನಿಂದ ವಾಹನ. ಶಿರಾಡಿಯ ಲಾರಿಗಳ ಬಗ್ಗೆ ಹೇಳುವುದೇ ಬೇಡ. ಮೊದಲ ಕೆಲವು ವರ್ಷ ಎರಡೂ ಘಾಟಿ ಬೇಡ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಇಳಿಜಾರು ಹುಡುಗಾಟದ ವಿಷಯವಲ್ಲ. ಪೊಗಾಚರ್ ಲಾವೆನಿರ್ ಗೆದ್ದ 2018ರಲ್ಲಿ ಮೂರನೆಯ ಸ್ಥಾನ ಪಡೆದವರು ಸ್ವಿಟ್ಜರ್ಲೆಂಡ್‌ನ ಗಿನೊ ಮೇಡರ್. 2023ರ ಜೂನ್‌ನಲ್ಲಿ ತಮ್ಮ ದೇಶದ ರೇಸ್‌ನಲ್ಲೇ ಬೆಟ್ಟ ಇಳಿಯುವಾಗ ಕಮರಿಗೆ ಬಿದ್ದು ತೀರಿಕೊಂಡರು. 26 ವರ್ಷ. ಮರುವರ್ಷ ಜೂರಿಕ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 18ರ ಹುಡುಗಿ ಮುರಿಯೆಲ್ ಫುರರ್ ಮಳೆಯಲ್ಲಿ, ಕಾಡಿನ ನಡುವಿನ ರಸ್ತೆಯಲ್ಲಿ ಬಿದ್ದಳು. ಬಿದ್ದದ್ದನ್ನು ಯಾರೂ ನೋಡಲಿಲ್ಲ, ಬಹಳ ಹೊತ್ತು ಗೊತ್ತೇ ಆಗಲಿಲ್ಲ. ಆ ಮಗು ಉಳಿಯಲಿಲ್ಲ.

ಇದನ್ನು ಹೆದರಿಸಲು ಹೇಳುತ್ತಿಲ್ಲ. ನಮ್ಮ ಎಸ್ಟೇಟ್ ರಸ್ತೆಯನ್ನು ಯೋಚಿಸಿ ನೋಡಿ. ತಿರುವಿನಲ್ಲಿ ಜಾರಿ ಬೇಲಿ ಹಾರಿ ಕಾಫಿ ಗಿಡಗಳ ನಡುವೆ ಬಿದ್ದರೆ ರಸ್ತೆಯಿಂದ ಏನೂ ಕಾಣುವುದಿಲ್ಲ. ಮೊಬೈಲ್ ಸಿಗ್ನಲ್ ಕೂಡ ಇರುವುದಿಲ್ಲ. ಆದ್ದರಿಂದ ಎರಡನೆಯ ದಿನದ ಪ್ರತಿ ಕುರುಡು ತಿರುವಿನಲ್ಲೂ ಒಬ್ಬರು ನಿಂತಿರಬೇಕು. ಕೈಯಲ್ಲಿ ವಾಕಿಟಾಕಿ, ಸವಾರರ ನಂಬರ್‌ಗಳ ಹಾಳೆ. ಹೋದ ಪ್ರತಿ ನಂಬರ್‌ಗೆ ಗೀಟು ಹಾಕಬೇಕು. ಮುಂದಿನ ತಿರುವಿನಲ್ಲಿ ಒಂದು ನಂಬರ್ ಬರಲಿಲ್ಲ ಅಂದರೆ ಐದು ನಿಮಿಷದೊಳಗೆ ಹುಡುಕಲು ಹೊರಡಬೇಕು. ಪ್ರತಿ ಸವಾರನಿಗೂ ಜಿಪಿಎಸ್ ಕಟ್ಟಿದರೆ ಇನ್ನೂ ಒಳ್ಳೆಯದು. ಅದರ ದುಡ್ಡು ಬಹುಮಾನದ ದುಡ್ಡಿಗಿಂತ ಮೊದಲು ಹೊಂದಿಸಬೇಕು. ಇಷ್ಟು ಜನ ಸಿಗದಿದ್ದರೆ ಆ ವರ್ಷ ರೇಸ್ ಬೇಡ, ನಾನು ಹಾಗೆಯೇ ಹೇಳುತ್ತೇನೆ.

ಯಾವಾಗ ಮಾಡಬೇಕು? ಮಳೆಗಾಲ ಆಗದು. ದೀಪಾವಳಿ ಹೊತ್ತಿಗೆ ಹಾಸನಾಂಬೆಯ ಬಾಗಿಲು ತೆರೆದಾಗ ಹಾಸನದಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಡಿಸೆಂಬರ್ ಬಂತೆಂದರೆ ಕಾಫಿ ಕೊಯ್ಲು ಜೋರು, ರಸ್ತೆ ತುಂಬ ಆಳು ಕರೆತರುವ ಜೀಪು, ಮೂಟೆ ತುಂಬಿದ ಪಿಕಪ್. ನಡುವೆ ಉಳಿಯುವುದು ನವೆಂಬರ್‌ನ ಕೆಲವು ದಿನ. ದೇವಿಯ ಬಾಗಿಲು ಹಾಕಿದ ಮೇಲೆ, ಕೊಯ್ಲು ಬಿರುಸಾಗುವ ಮೊದಲು. ಭಾನುವಾರ ಹಾಸನದಲ್ಲಿ ಶುರು ಮಾಡಿ ಮಂಗಳವಾರ ಗಿರಿಯಲ್ಲಿ ಮುಗಿಸಬೇಕು. ಶನಿವಾರ, ಭಾನುವಾರ ಆ ಗಿರಿ ರಸ್ತೆಯಲ್ಲಿ ಪ್ರವಾಸಿಗರ ಕಾರುಗಳ ಸಾಲು ನೋಡಿದವರಿಗೆ ಕಾರಣ ಹೇಳಬೇಕಾಗಿಲ್ಲ.

ಹುಡುಗಿಯರ ರೇಸ್ ಅದೇ ಮೂರು ದಿನ, ಅದೇ ರಸ್ತೆ, ಅದೇ ಬಹುಮಾನ. ಟೂರ್ ದ ಲಾವೆನಿರ್ ಹೆಣ್ಣುಮಕ್ಕಳಿಗೆ ಬಾಗಿಲು ತೆರೆದದ್ದು 2023ರಲ್ಲಿ, ಅಂದರೆ 62 ವರ್ಷ ಆದ ಮೇಲೆ. ನಾವು ಮೊದಲ ವರ್ಷವೇ ತೆರೆಯೋಣ.

ಸೈಕಲ್ ಎಲ್ಲಿಂದ? ರೇಸ್‌ಗೆ ತಕ್ಕ ಸೈಕಲ್ ಬೇಕೆಂದರೆ ಐವತ್ತು ಸಾವಿರ ದಾಟುತ್ತದೆ, ಗೊತ್ತು. 2006–07ರಲ್ಲಿ ಎಂಟನೇ ತರಗತಿ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡಲು ಶುರು ಮಾಡಿತಲ್ಲ, ಆ ಸೈಕಲ್ ತುಳಿದೇ ಎಷ್ಟೋ ಹಳ್ಳಿ ಮಕ್ಕಳಿಗೆ ತಮ್ಮ ಕಾಲಿನ ಶಕ್ತಿ ಗೊತ್ತಾಯಿತು. ಅವರಲ್ಲಿ ಗಟ್ಟಿಯಾದವರಿಗೆ ಮುಂದಿನ ಸೈಕಲ್ ಕೊಡುವವರು ಇರಲಿಲ್ಲ. ಹತ್ತು ಹದಿನೈದು ಸೈಕಲ್‌ಗಳನ್ನು ಒಂದು ಕಡೆ ಇಟ್ಟು, ಅಭ್ಯಾಸಕ್ಕೆ ಕೊಟ್ಟು ವಾಪಸ್ ಪಡೆಯುವ ಏರ್ಪಾಡು ಸಾಕು. ಬೆಳೆಗಾರರ ಮಾತು ಎತ್ತಿದ್ದು ಇದಕ್ಕೇ.

ಒಬ್ಬರು ತಂದೆ ಒಳಗೆ ಬರುವಾಗಲೇ ನನ್ನನ್ನು ಕೇಳಿದರು: "ಸಾರ್, ಸೈಕಲ್ ತುಳುದ್ರೆ ಹೊಟ್ಟೆ ತುಂಬುತ್ತಾ?" ನ್ಯಾಯವಾದ ಪ್ರಶ್ನೆ. ದೇಶದ ಸೈಕಲ್ ತಂಡಗಳಲ್ಲಿ ಬಲವಾದವು ರೈಲ್ವೆ ಮತ್ತು ಸೇನೆಯದ್ದು. ಕ್ರೀಡಾ ಕೋಟಾದಲ್ಲಿ ಕೆಲಸ ಸಿಗುತ್ತದೆ, ಸಿಕ್ಕಿದವರಿದ್ದಾರೆ. ಎಲ್ಲರಿಗೂ ಸಿಗುತ್ತದೆ ಅಂತ ಮಾತು ಕೊಡಲಾರೆ. ಓದು ಬಿಡಿಸಬೇಡಿ. ಬೆಳಗಿನ ಹೊತ್ತು ಎರಡು ಗಂಟೆ ಕಾಲ ಮಾತ್ರ ನಿಮ್ಮ ಮಕ್ಕಳಿಗೆ ಬಿಟ್ಟುಕೊಡಿ ಅಂತ ಅಷ್ಟೇ ಕೇಳುತ್ತೇನೆ.

ಪೊಲೀಸರ ಅನುಮತಿ, ಆರೋಗ್ಯ ಇಲಾಖೆ, ಪಂಚಾಯಿತಿ, ಇವೆಲ್ಲಕ್ಕೂ ಹೋಗುವ ಮೊದಲು ನಮ್ಮ ಕೈಯಲ್ಲಿ ರಸ್ತೆಯ ಪೂರ್ತಿ ವಿವರ ಇರಬೇಕು. ಬಾಗಿಲ ಪಕ್ಕದ ಮೇಜಿನ ಮೇಲೆ ಮೂರು ದೊಡ್ಡ ಹಾಳೆ ಇಟ್ಟಿದ್ದೇವೆ, ಒಂದೊಂದು ದಿನದ ದಾರಿಗೆ ಒಂದೊಂದು. ಜಾವಗಲ್, ಬಾಣಾವರ, ಮೂಡಿಗೆರೆ, ಆಲ್ದೂರು ಕಡೆಯವರು ಇಲ್ಲಿ ಸುಮಾರು ಜನ ಇದ್ದೀರಿ. ನಿಮ್ಮೂರ ಹತ್ತಿರ ಬಣ್ಣ ಬಳಿಯದ ಉಬ್ಬು ಎಲ್ಲಿದೆ, ಗುಂಡಿ ಎಲ್ಲಿದೆ, ಯಾವ ತಿರುವಿನಲ್ಲಿ ತೋಟದ ಮಣ್ಣು ಕೊಚ್ಚಿ ರಸ್ತೆಗೆ ಬರುತ್ತದೆ, ಬೆಳಗಿನ ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆ, ಎಲ್ಲಿ ನಾಯಿಗಳ ಕಾಟ, ಎಲ್ಲ ಬರೆದು ಹೋಗಿ. ತಿರುವಿನಲ್ಲಿ ನಿಲ್ಲಲು ಬರುತ್ತೇನೆ ಅನ್ನುವವರು ಕೆಳಗೆ ಹೆಸರು, ಫೋನ್ ನಂಬರ್ ಬರೆಯಿರಿ. ಪೆನ್ನು ಅಲ್ಲೇ ಇದೆ.